ಮೂಸ್ ತಲೆ ಕಾಯ್ದ ಮೇಟಿ ಕೆಂಚೇಗೌಡರು

ಆ ದಿನ ನಾಲೆ ಬಂಗಲೆಯ ಜಗಲಿಯಲ್ಲಿ ಇದ್ದವರು ನಾಲ್ಕು ಜನ. ಬೆತ್ತದ ಕುರ್ಚಿಯಲ್ಲಿ ಅರಣ್ಯ ಇಲಾಖೆಯ ರೇಂಜರ್ ಸಾಹೇಬರು, ತೊಡೆಯ ಮೇಲೊಂದು ರಟ್ಟು, ರಟ್ಟಿನ ಮೇಲೆ ಬಿಳಿ ಹಾಳೆ. ಕಂಬಕ್ಕೆ ಒರಗಿಕೊಂಡು, ಆವತ್ತಿನ ಪೇಪರನ್ನು ಮಡಚಿ ಕಂಕುಳಲ್ಲಿ ಇಟ್ಟುಕೊಂಡಿದ್ದ ಪುಟ್ಟಸ್ವಾಮಿ ಮೇಷ್ಟ್ರು, ರಿಟೈರಾದ ಹೆಡ್‌ಮಾಸ್ಟರು. ಬಾಗಿಲ ಹತ್ತಿರ ನಾನು, ಸ್ಕೂಲಿಂದ ನೇರ ಬಂದವಳು, ಸೆರಗಿಗೆಲ್ಲ ಸೀಮೆಸುಣ್ಣದ ಪುಡಿ. ಗೋಡೆಗೆ ಬೆನ್ನು ಹಚ್ಚಿ, ಸರ್ಕಾರದ ಮುಂದೆ ಹೇಗೆ ನಿಲ್ಲಬಾರದೋ ಹಾಗೆ ನಿಂತಿದ್ದವರು ಬಂಗಲೆಯ ಮೇಟಿ ಕೆಂಚೇಗೌಡರು. ಅವರ ತಲೆಗಿಂತ ಎರಡು ಮೊಳ ಮೇಲೆ ಗೋಡೆಯಲ್ಲಿ ಇನ್ನೊಂದು ತಲೆ. ಕತ್ತೆಯದಕ್ಕಿಂತ ಉದ್ದನೆಯ ಮೂತಿ, ಕೋಣನಂಥ ಕತ್ತು, ಎರಡೂ ಕಡೆ ಮೊರ ಹಿಡಿದ ಹಾಗೆ ಅಗಲವಾದ ಕೊಂಬು.

ರೇಂಜರ್ ಸಾಹೇಬರು ಪೆನ್ನಿನ ಮುಚ್ಚಳ ತೆಗೆದು, "ಏನಯ್ಯ ಇದು?" ಅಂದರು.

"ಕೇಳೋರೆಲ್ಲ ಕೇಳೋದು ಆರೇ ಪ್ರಶ್ನೆ ಸ್ವಾಮಿ," ಅಂದರು ಕೆಂಚೇಗೌಡರು. "ಒಟ್ಗೇ ಯೋಳ್ಬುಡ್ತೀನಿ, ಬರ್ಕಳಿ. ಒಂದು, ಕಡವೆ ಅಲ್ಲ. ಎರಡು, ನಮ್ ಕಾಡಿಂದಲ್ಲ, ಸೀಮೇದು. ಮೂರು, ದಿಟವಾದ್ದೇ, ಮುಟ್‌ಬ್ಯಾಡಿ. ನಾಕು, ಕೊಂಬು ಅಂಗಿರೋದು ಅದ್ರ ಇಷ್ಟ. ಐದು, ಸೊಪ್ಪು ತಿಂತದೆ. ಆರು, ಹೊಡೆದೋನು ನಾನಲ್ಲ."

ಸಾಹೇಬರು ನಗಲಿಲ್ಲ. "ಏಳನೇದು ನಾನು ಕೇಳ್ತೀನಿ, ಇರು," ಅಂದರು.

ಆ ಏಳನೆಯದಕ್ಕೆ ಬರುವ ಮುಂಚೆ ಈ ಮೇಟಿ ಎಂಥವರು ಅಂತ ಹೇಳಬೇಕು.

ಸರ್ಕಾರಿ ಬಂಗಲೆಯ ಬೀಗದ ಕೈ, ಅಡಿಗೆ, ಹಾಸಿಗೆ ಎಲ್ಲ ನೋಡಿಕೊಳ್ಳುವವರಿಗೆ ನಮ್ಮ ಕಡೆ ಮೇಟಿ ಅನ್ನುತ್ತಾರೆ. ಈ ಬಂಗಲೆ ಇದ್ದದ್ದು ಪಾಂಡವಪುರದಿಂದ ಕ್ಯಾತನಹಳ್ಳಿ ಕಡೆಗೆ ಹೋಗುವಾಗ, ನಾಲೆ ಏರಿಯ ಮೇಲೆ, ಸುತ್ತ ಕಬ್ಬಿನ ಗದ್ದೆ. ತೊಂಬತ್ತರ ದಶಕದ ಶುರುವಿನಲ್ಲಿ ನಾನು ಹತ್ತಿರದ ಹೈಸ್ಕೂಲಿಗೆ ಸೈನ್ಸ್ ಟೀಚರಾಗಿ ಬಂದೆ. ನನ್ನೂರು ಅಕ್ಕಿಹೆಬ್ಬಾಳು. ಹೇಮಾವತಿ ದಂಡೆಯಲ್ಲಿ ಅಜ್ಜಿ, ದೊಡ್ಡಪ್ಪಂದಿರ ಬಾಯಿ ನೋಡುತ್ತಲೇ ಬೆಳೆದವಳು. ಯಾವ ಬೈಗುಳದಲ್ಲಿ ಎಷ್ಟು ಅಕ್ಕರೆ ಬೆರೆತಿದೆ ಅಂತ ಕೇಳಿದ ಕೂಡಲೇ ಹೇಳುವ ವಿದ್ಯೆ ನನಗೆ ಅಲ್ಲೇ ಬಂದದ್ದು. ಕೆಂಚೇಗೌಡರ ಮುಂದೆ ಆ ವಿದ್ಯೆ ಕೈಕೊಟ್ಟಿತು. ಅವರದು ಬರೀ ಬೈಗುಳವೇ.

ಮೊದಲನೇ ಸಲ ಹೋಗಿ, "ಮಕ್ಕಳನ್ನ ಕರ್ಕೊಂಡು ಬರ್ತೀನಿ ಗೌಡ್ರೇ, ಗೋಡೆ ಮೇಲಿರೋದನ್ನ ತೋರಿಸಬೇಕು," ಅಂದೆ. ಅವರು ಅರ್ಧ ಬಾಗಿಲ ಹಿಂದಿಂದಲೇ ಕೇಳಿದರು: "ನಿಮ್ ಸ್ಕೂಲಲ್ಲಿ ಗ್ವಾಡೆ ಇಲ್ವಾ?"

"ಗೋಡೆ ಇದೆ. ತಲೆ ಇಲ್ಲ."

"ತಲೆ ಇಲ್ದೋರೇ ಇಲ್ಗೆ ಬರೋದು. ಎಷ್ಟು ಐಕ್ಳು?"

"ನಲವತ್ತು."

"ಅಂದ್ರೆ ಎಂಬತ್ತು ಕೈ. ಅಷ್ಟೂ ಕೈ ಹಿಂದುಕ್ಕೆ ಕಟ್ಕಂಡು ಬರೋಂಗಿದ್ರೆ ಬನ್ನಿ, ಇಲ್ದಿದ್ರೆ ನಾಲೆ ನೋಡ್ಕಂಡು ವಾಪಸ್ ಓಗಿ."

ನಲವತ್ತು ಮಕ್ಕಳು ಕೈ ಹಿಂದಕ್ಕೆ ಕಟ್ಟಿಕೊಂಡು ನಾಲೆ ಏರಿಯ ಮೇಲೆ ಸಾಲಾಗಿ ನಡೆದರು. ಎದುರು ಬಂದ ಸೈಕಲ್ಲಿನವನೊಬ್ಬ ಕಾಲು ಊರಿ ನಿಂತು, "ಏನ್ ಕದ್ದವೆ ಟೀಚರಮ್ಮ, ಈ ಐಕ್ಳು?" ಅಂತ ಕೇಳಿದ. ಬಂಗಲೆಯಲ್ಲಿ ಮಕ್ಕಳು ಬಾಯಿ ತೆಗೆಯುವ ಮೊದಲೇ ಆರೂ ಉತ್ತರ ಬಂದವು. ಅವರು ಸ್ಟೂಲಿನ ಮೇಲೆ ಬೆನ್ನು ತಿರುಗಿಸಿ ಕೂತು ಹುರುಳಿ ಆರಿಸುತ್ತಲೇ ಹೇಳಿದರು. ಶ್ರೀರಂಗಪಟ್ಟಣ ನೋಡಿಕೊಂಡು ಹಾಗೇ ಇತ್ತ ಬರುತ್ತಿದ್ದ ಜನಕ್ಕೂ ಅದೇ ಆರು, ಅದೇ ಬೆನ್ನು. ಯಾರಾದರೂ ತಡೆದು "ನಾಲ್ಕನೇದು ಇನ್ನೊಂದ್ಸಲ ಹೇಳಿ" ಅಂದರೆ, "ಮೊದ್ಲೇ ಕಿವಿ ಕೊಟ್ಟು ಕೇಳ್ಬೇಕಿತ್ತು," ಅನ್ನುವರು.

ತಲೆ ಬಂದ ಕತೆಯನ್ನು ಮಾತ್ರ, ಕೇಳಿದರೆ, ನಮ್ಮ ಕಡೆ ಮುಖ ಮಾಡಿ ಹೇಳುತ್ತಿದ್ದರು. ನಾಲೆ ತೋಡಿಸಲು ಬಂದಿದ್ದ ಒಬ್ಬ ಸೀಮೆ ಇಂಜಿನಿಯರು ತನ್ನ ಹಿಮದ ದೇಶದಲ್ಲಿ ಹೊಡೆದದ್ದನ್ನು ಹಡಗಿನಲ್ಲಿ ತರಿಸಿಕೊಂಡಿದ್ದನಂತೆ. ಆಗ ಮೇಟಿಯಾಗಿದ್ದವರು ಕೆಂಚೇಗೌಡರ ಅಪ್ಪ. ರೈಲಿನಿಂದ ಇಳಿಸಿ, ಹುಲ್ಲು ಹಾಸಿದ ಗಾಡಿಯಲ್ಲಿಟ್ಟು ಹಿರೋಡೆಯ ಬೀದಿಯಲ್ಲಿ ತಂದರಂತೆ. ಪಾಂಡವಪುರಕ್ಕೆ ಹಳಬರು ಇವತ್ತಿಗೂ ಹಿರೋಡೆ ಅಂತಲೇ ಅನ್ನುವುದು. ಯಾವುದೋ ದೇವರ ವಾಹನ ಬಂತು ಅಂದುಕೊಂಡು ಹೆಂಗಸರು ಆರತಿ ತಟ್ಟೆ ಹಿಡಿದು ಹೊರಗೆ ಬಂದರು. "ನಮ್ಮಪ್ಪ ಅಲ್ಲ ಅನ್ನಲಿಲ್ಲ. ಸುಮ್ಕೆ ಮಂಗಳಾರತಿ ತಕ್ಕಂಡ." ಆಮೇಲೆ ಇಂಜಿನಿಯರಿಗೆ ಚಳಿಜ್ವರ ಹಿಡಿದು ಊರಿಗೆ ಹೊರಟ. ಹೊರಡುವಾಗ ತಲೆ ತೋರಿಸಿ, ನೋಡಿಕೋ, ವಾಪಸ್ ಬರುತ್ತೇನೆ ಅಂದನಂತೆ.

"ಬಂದನಾ?" ಅಂದೆ ನಾನು.

"ಬಂದಿದ್ರೆ ಇದ್ಯಾಕೆ ಇಲ್ಲಿರ್ತಿತ್ತು? ನಮ್ಮಪ್ಪ ನೋಡ್ಕಂಡ, ಈಗ ನಾನ್ ನೋಡ್ಕತಾ ಇವ್ನಿ. ಬಂದ್ರೆ ಕೊಡ್ಬೇಕಲ್ಲ."

ಪ್ರತಿ ಆಯುಧಪೂಜೆಗೆ ಸ್ಟೂಲು ಹತ್ತಿ ಕೊಂಬಿಗೆ ಹರಳೆಣ್ಣೆ ಸವರಿ, ಹಣೆಗೆ ಕುಂಕುಮ ಇಟ್ಟು, ಗಾಜಿನ ಕಣ್ಣನ್ನು ಪಂಚೆ ತುದಿಯಲ್ಲಿ ಒರೆಸುವರು. ಆಗಲೂ ಬಾಯಲ್ಲಿ ಬೈಗುಳ. "ನೆಟ್ಗೆ ನೋಡು, ಎಣ್ಣೆ ಕಣ್ಣಿಗೆ ಓದ್ರೆ ನಾನಲ್ಲ."

ಆ ತಲೆಯಿಂದಲೇ ಅವರಿಗೂ ಪುಟ್ಟಸ್ವಾಮಿ ಮೇಷ್ಟ್ರಿಗೂ ಮಾತು ನಿಂತಿದ್ದು. ಇಬ್ಬರೂ ಷಡ್ಡಕರು, ಅಕ್ಕತಂಗಿಯರನ್ನು ಮದುವೆಯಾದವರು. ಇಪ್ಪತ್ತು ವರ್ಷದ ಹಿಂದೆ ಯಾರೋ ದೊಡ್ಡ ಅಧಿಕಾರಿ ಬಂಗಲೆಯಲ್ಲಿ ಇಳಿದಿದ್ದಾಗ ಮೇಷ್ಟ್ರು ಅವರೆದುರು, "ಇವನಿಗೇನು ಗೊತ್ತು ಸಾರ್, ಇದು ಕಡವೆ. ನಮ್ಮ ಕಾಡಿನದೇ ದೊಡ್ಡ ಜಾತಿ," ಅಂದುಬಿಟ್ಟರು. ಕೈಯಲ್ಲಿ ಕಾಫಿ ತಟ್ಟೆ ಹಿಡಿದಿದ್ದ ಕೆಂಚೇಗೌಡರು ಅಧಿಕಾರಿಗೆ ಒಂದು ಲೋಟ ಕೊಟ್ಟು, ಮೇಷ್ಟ್ರ ಲೋಟವನ್ನು ಅಲ್ಲೇ ದಾಸವಾಳದ ಬುಡಕ್ಕೆ ಸುರಿದರು. ಅಲ್ಲಿಂದ ಮಾತಿಲ್ಲ. ಆದರೆ ಬಂಗಲೆಗೆ ಬರುವ ಪೇಪರು ಓದಲು ಮೇಷ್ಟ್ರು ದಿನಾ ಸಾಯಂಕಾಲ ಬರುವರು. ಓದಿ ಮುಗಿಯುವ ತನಕ ಕೆಂಚೇಗೌಡರು ಜಗಲಿಯ ಆ ತುದಿ, ಮೇಷ್ಟ್ರು ಈ ತುದಿ. ನಾನಿದ್ದರೆ ನನ್ನ ಮೂಲಕ ಜಗಳ. ನಾನಿಲ್ಲದ ದಿನ ಗೋಡೆಯ ತಲೆಯನ್ನೇ ನೋಡಿಕೊಂಡು ಅದಕ್ಕೆ ಹೇಳುವಂತೆ ಒಬ್ಬರಿಗೊಬ್ಬರು ಬೈದುಕೊಳ್ಳುತ್ತಿದ್ದರು ಅಂತ ಹೂವಿನ ಗಿಡಕ್ಕೆ ನೀರು ಹಾಕುವ ಹೆಂಗಸು ಹೇಳಿದ್ದಳು.

ಒಂದು ರಜೆಯಲ್ಲಿ ಮೈಸೂರಿನ ಲೈಬ್ರರಿಯಿಂದ ಪ್ರಾಣಿಗಳ ಮೇಲಿನ ದಪ್ಪ ಪುಸ್ತಕವೊಂದನ್ನು ಎರವಲು ತಂದೆ. ಅದರ ಚಿತ್ರದಲ್ಲಿ ಇದೇ ಮೂತಿ, ಇದೇ ಕೊಂಬು. ಹೆಸರು ಮೂಸ್. ಕೆಂಚೇಗೌಡರು ಪುಸ್ತಕ ಮುಟ್ಟಲಿಲ್ಲ, ಸ್ಟೂಲನ್ನು ಮಾತ್ರ ಒಂದು ಗೇಣು ಹತ್ತಿರ ಎಳೆದುಕೊಂಡರು.

"ಅಲ್ಲಿನ ಕಾಡಿನ ಜನ ಇಟ್ಟ ಹೆಸರಂತೆ," ಅಂದೆ. "ಕೊಂಬೆ ತೊಗಟೆ ಸುಲಿದು ತಿನ್ನೋದು ಅಂತ ಅರ್ಥ."

ಅವರು ಚಿತ್ರದ ಕಡೆ ಬಗ್ಗಿ, "ಸರ್ಯಾಗ್ ಇಟ್ಟವ್ರೆ," ಅಂದರು. "ಅದು ಮಾಡೋ ಕೆಲ್ಸ ನೋಡಿ ಇಟ್ಟವ್ರೆ. ನೋಡ್ದೆ ಹೆಸ್ರಿಡೋ ಜನ ನಮ್ ಕಡೆಯೋರು."

ಇದು ಯಾರಿಗೆ ಹೋಗಬೇಕಿತ್ತೋ ಅವರಿಗೆ ತಲುಪಿತು. ಪೇಪರಿನ ಹಿಂದಿಂದ ಮೇಷ್ಟ್ರು, "ಟೀಚರ್, ಯುರೋಪಿನಲ್ಲಿ ಅದೇ ಪ್ರಾಣಿಗೆ ಏನಂತಾರೆ, ಅದನ್ನೂ ಓದಿ," ಅಂದರು.

ಓದಿದೆ. "ಎಲ್ಕ್ ಅಂತಾರೆ."

"ನನ್ನ ನಿಘಂಟಿನಲ್ಲಿ ಎಲ್ಕ್ ಅಂದರೆ ಕಡವೆ. ಮುಗೀತು. ಅವನಿಗೆ ಹೇಳಿ."

ನಾನು ಸಮಾಧಾನವಾಗಿ ಬಿಡಿಸಿ ಹೇಳಿದೆ. ಹಿಂದೆ ಇಲ್ಲಿಗೆ ಬೇಟೆಗೆ ಬಂದ ಬಿಳಿಯರು ನಮ್ಮ ಕಡವೆಯನ್ನು ಕಂಡು, ತಮ್ಮ ಕಡೆಯ ದೊಡ್ಡ ಪ್ರಾಣಿಯ ಹೆಸರನ್ನೇ ಅದಕ್ಕೂ ಅಂಟಿಸಿದರು. ನಿಘಂಟು ಮಾಡಿದವರು ಅದನ್ನೇ ಬರೆದುಕೊಂಡರು. ಅಮೆರಿಕಕ್ಕೆ ಹೋದ ಜನ ಅಲ್ಲಿನ ಬೇರೆಯೇ ಒಂದು ಜಿಂಕೆಗೆ ಅದೇ ಹೆಸರು ಕೊಟ್ಟರು. ಹೆಸರು ಅಲೆದಾಡಿತೇ ಹೊರತು ಪ್ರಾಣಿ ಬದಲಾಗಲಿಲ್ಲ. ಕಡವೆಯ ಕೊಂಬು ಮರದ ಕವಲಿನ ಹಾಗೆ, ಇದರದು ಅಂಗೈ ಹಾಗೆ.

"ಮೂರು ದೇಶದವರು ತಪ್ಪು ಮಾಡಬಹುದು, ನಿಘಂಟು ಮಾಡಲ್ಲ," ಅಂದರು ಮೇಷ್ಟ್ರು.

"ಆ ಮೇಷ್ಟ್ರಿಗೆ ಯೋಳಿ ಟೀಚರಮ್ಮ," ಅಂದರು ಕೆಂಚೇಗೌಡರು, "ನಿಗಂಟಿಗೆ ಕೊಂಬು ಬರಾಕಿಲ್ಲ ಅಂತ. ಎದ್ದು ಗ್ವಾಡೆ ನೋಡಿ ಅಂತ."

ಅವತ್ತು ಇನ್ನೊಂದು ಮಾತೂ ಆಯಿತು. ಗಂಡಿಗೆ ಮಾತ್ರ ಕೊಂಬು, ಅದೂ ಪ್ರತಿ ಚಳಿಗಾಲಕ್ಕೆ ಉದುರಿ ಮತ್ತೆ ಹೊಸದು ಬರುತ್ತದೆ ಅಂತ ಓದಿ ಹೇಳಿದೆ. ಕೆಂಚೇಗೌಡರು ನಂಬಲಿಲ್ಲ. "ಇಷ್ಟು ದೊಡ್ಡದಾ? ವರ್ಸ ವರ್ಸ ಉದುರ್ತದಾ?" ಅಂತ ಎರಡು ಸಲ ಕೇಳಿದರು. ಆಮೇಲೆ ತಲೆ ಎತ್ತಿ ಗೋಡೆ ನೋಡಿದರು.

"ಅಂಗಾರೆ ಆ ಇಂಜಿನಿಯರು ಒಂದೆಲ್ಡು ತಿಂಗ್ಳು ತಡ್ಕಂಡಿದ್ರೆ ಕೊಂಬು ನೆಲದ್ ಮೇಲೇ ಸಿಕ್ತಿತ್ತು. ಇದೂ ಬದುಕ್ತಿತ್ತು."

ಆ ಸಾಯಂಕಾಲ ಅವರು ಯಾರನ್ನೂ ಬೈಯಲಿಲ್ಲ. ಮಾರನೇ ದಿನ ಎರಡೂ ದಿನದ್ದು ಸೇರಿಸಿ ಬೈದರು.

ಮೂಸ್‌ನ ಗಂಟಲ ಕೆಳಗೆ ಹಸುವಿನ ಗಂಗೆದೊಗಲಿನ ಹಾಗೆ ಒಂದು ಜೋಲು ಇರುತ್ತದೆ. ಬಂಗಲೆಯ ಇಲಿಗಳು ಅದನ್ನು ತಿಂದುಹಾಕಿದವು. ಕೆಂಚೇಗೌಡರು ದಬ್ಬಳ ತೆಗೆದುಕೊಂಡು, ಗೋಣಿಚೀಲದ ತುಂಡೊಂದನ್ನು ಆ ಜಾಗಕ್ಕೆ ಹೊಲಿದರು. ಮುಂದಿನ ವರ್ಷ ಹೊಸ ಮಕ್ಕಳನ್ನು ಕರೆದುಕೊಂಡು ಹೋದಾಗ ಅದನ್ನು ನೋಡಿ ನನಗೆ ನಗು ತಡೆಯಲಿಲ್ಲ. "ಏನ್ ಗೌಡ್ರೇ, ಸೀಮೆಯಿಂದ ಬಂದೋರ ಕತ್ತಿಗೆ ರಾಗಿ ಮೂಟೆ ಕಟ್ಟಿದ್ದೀರ," ಅಂದೆ. ಮಕ್ಕಳೂ ನಕ್ಕರು. ಅವರು ಆರು ಉತ್ತರಗಳಲ್ಲಿ ಮೂರನ್ನು ಹೇಳಿ, ಉಳಿದ ಮೂರನ್ನು ನುಂಗಿಕೊಂಡು ಒಳಗೆ ಹೋದರು. ಆ ಬೆನ್ನು ನೋಡಿದ ಮೇಲೆ ನನ್ನ ನಗು ನಿಂತಿತು.

ಮೂರು ದಿನ ಬಿಟ್ಟು ಪಾಂಡವಪುರದಲ್ಲಿ ನಾನು ಬಾಡಿಗೆಗಿದ್ದ ಮನೆಯ ಬಾಗಿಲಿಗೆ ಬಂದರು. ಒಳಗೆ ಕರೆದರೆ ಬರಲಿಲ್ಲ. "ನಕ್ಕೋರೇ ಯೋಳಿ, ಗೋಣಿ ಬ್ಯಾಡ ಅಂದ್ರೆ ಮತ್ತಿನ್ನೇನ್ ಹಾಕ್ಬೇಕು?"

"ಚರ್ಮ ಇದ್ದರೆ ಚೆನ್ನಾಗಿರುತ್ತೆ," ಅಂದೆ.

ಮನೆಯ ಒಡತಿ ಅಜ್ಜಿಯ ಅಟ್ಟದಲ್ಲಿ, ತೀರಿಹೋದ ಅವರ ಯಜಮಾನರು ಜಪಕ್ಕೆ ಕೂರುತ್ತಿದ್ದ ಜಿಂಕೆ ಚರ್ಮವೊಂದು ಸುರುಳಿ ಸುತ್ತಿ ಬಿದ್ದಿತ್ತು. ಕೇಳಿದೆ. "ಹುಳ ಬೀಳ್ತಿದೆ, ತಗೊಂಡೋಗು ತಾಯಿ," ಅಂದರು. ಅದನ್ನು ಪೇಪರಿನಲ್ಲಿ ಸುತ್ತಿ ಬಂಗಲೆಗೆ ಒಯ್ದು ಕೊಟ್ಟೆ. ಜಿಂಕೆ ಚರ್ಮ ಇಟ್ಟುಕೊಳ್ಳುವುದು ಅಪರಾಧ ಅಂತ ನನಗೆ ಗೊತ್ತಿತ್ತು, ಮಕ್ಕಳಿಗೆ ಪಾಠವನ್ನೇ ಮಾಡಿದ್ದೆ. ಆದರೆ ಪಾಠದ ಜಿಂಕೆ ಕಾಡಿನಲ್ಲಿತ್ತು. ಅಜ್ಜಿಯ ಅಟ್ಟದಲ್ಲಿದ್ದದ್ದು ನನ್ನ ಕಣ್ಣಿಗೆ ಒಂದು ಹಳೇ ಚಾಪೆ. ನಾನು ಕೊಟ್ಟಾಗ ಮೇಷ್ಟ್ರು ಜಗಲಿಯಲ್ಲೇ ಇದ್ದರು. ಕನ್ನಡಕದ ಮೇಲಿಂದ ಒಮ್ಮೆ ನೋಡಿ ಮತ್ತೆ ಪೇಪರು ಎತ್ತಿಕೊಂಡರು.

ಕೆಂಚೇಗೌಡರು ಅಳತೆಗೆ ಕತ್ತರಿಸಿ, ಎರಡು ಎಳೆ ದಾರದಲ್ಲಿ ಅಚ್ಚುಕಟ್ಟಾಗಿ ಹೊಲಿದರು. ಆದರೆ ಕಂದು ಕತ್ತಿಗೆ ಚುಕ್ಕಿ ಚುಕ್ಕಿ ಚರ್ಮ ಹೊಂದಲಿಲ್ಲ. ಸಾಹೇಬರುಗಳ ಬೂಟಿಗೆ ಅಂತ ಬಂಗಲೆಯಲ್ಲಿ ಇಡುತ್ತಿದ್ದ ಕರಿ ಪಾಲಿಷ್ ತೆಗೆದು ಬಟ್ಟೆಯಿಂದ ತಿಕ್ಕಿದರು. ಮುಗಿದ ಮೇಲೆ ಸ್ಟೂಲಿನಿಂದ ಇಳಿದು, ನನ್ನ ಕಡೆ ತಿರುಗಿ, "ಈಗ ನಗಿ," ಅಂದರು.

ನಗಲಿಲ್ಲ. ನಿಜವಾಗಿಯೂ ಚೆನ್ನಾಗಿತ್ತು.

ಇದಾಗಿ ಎರಡು ವರ್ಷ. ಒಬ್ಬ ಕಂಟ್ರಾಕ್ಟರು ಸಂಗಡಿಗರನ್ನು ಕಟ್ಟಿಕೊಂಡು ಬಂದು, ಕುಡಿಯಲು ಕೋಣೆ ಬಿಡು ಅಂದ. ಕೆಂಚೇಗೌಡರು ಬೀಗದ ಕೈಯನ್ನು ಉಡಿದಾರಕ್ಕೆ ಕಟ್ಟಿಕೊಂಡು, "ಇಲ್ಲೇ ಅದೆ, ಬಿಚ್ಕಳಿ ಬನ್ನಿ," ಅಂದರಂತೆ. ಅವನು ಹೋಗುವಾಗ, "ಮೇಲಿ‌ನ ತಲೆನೂ ಇಳಿಸ್ತೀನಿ, ನಿನ್ ತಲೆನೂ ಇಳಿಸ್ತೀನಿ," ಅಂದು ಹೋದ. ತಿಂಗಳೊಳಗೆ ಅರಣ್ಯ ಇಲಾಖೆಗೆ ಹೆಸರಿಲ್ಲದ ಅರ್ಜಿ ಹೋಯಿತು. ಬರೆದವನು ಅವನೇ ಇರಬೇಕು ಅಂತ ಎಲ್ಲರ ಗುಮಾನಿ. ಕೆಂಚೇಗೌಡರೊಬ್ಬರೇ ಒಪ್ಪಲಿಲ್ಲ. ಅವರ ಪ್ರಕಾರ, ಇದು ಕಡವೆ ಅಂತ ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದವನು ಈ ಸೀಮೆಯಲ್ಲಿ ಒಬ್ಬನೇ. ಅವರಿಗಾಗ ರಿಟೈರಾಗಲು ಎಂಟು ತಿಂಗಳು ಉಳಿದಿತ್ತು.

ಹೀಗೆ ರೇಂಜರ್ ಸಾಹೇಬರು ಬಂದು ಬೆತ್ತದ ಕುರ್ಚಿಯಲ್ಲಿ ಕೂತದ್ದು.

"ಮೇಟಿ ಕಡವೆ ಹೊಡೆದು ತಲೆ ಗೋಡೆಗೆ ಹಾಕ್ಕೊಂಡಿದ್ದಾನೆ ಅಂತ ಅರ್ಜಿ ಇದೆ," ಅಂದರು ಸಾಹೇಬರು. "ನಿಜ ಆದರೆ ನಿನ್ನ ಕೆಲಸ ಹೋಗೋದು ಇರಲಿ, ಜೈಲೂ ಆಗುತ್ತೆ."

"ಬರ್ದೋರು ಇಲ್ಲೇ ಕಂಬಕ್ಕೆ ಒರಗವ್ರೆ, ಕೇಳಿ," ಅಂದರು ಕೆಂಚೇಗೌಡರು.

ಮೇಷ್ಟ್ರು ನನ್ನ ಕಡೆ ತಿರುಗಿ, "ಟೀಚರ್, ಅವನಿಗೆ ಹೇಳಿ. ನಾನು ಬರೆದಿದ್ದರೆ ಕೆಳಗೆ ರುಜು ಹಾಕಿರುತ್ತಿದ್ದೆ," ಅಂದರು.

ಸಾಹೇಬರಿಗೆ ಇವರ ಸಂಬಂಧ ಗೊತ್ತಿರಲಿಲ್ಲ. ಹೆಡ್‌ಮಾಸ್ಟರಾಗಿದ್ದವರು, ಓದಿದವರು ಅಂತ ಮಹಜರಿಗೆ ಸಾಕ್ಷಿಯಾಗಿ ಅವರನ್ನೇ ಕರೆದರು. "ನೀವು ಹೇಳಿ. ಇದು ಕಡವೆಯಾ?"

ಇಪ್ಪತ್ತು ವರ್ಷ ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಅವರು ಹೇಳಿದ್ದ ಒಂದೇ ಮಾತನ್ನು ಈಗ ಸರ್ಕಾರ ಪೆನ್ನು ಹಿಡಿದು ಕೇಳುತ್ತಿತ್ತು. ಮೇಷ್ಟ್ರು ಪೇಪರನ್ನು ಇನ್ನೊಂದು ಮಡಿಕೆ ಮಡಚಿದರು.

"ಅಲ್ಲ," ಅಂದರು. "ಕಡವೆ ಅಲ್ಲ. ಮೂಸ್. ನಮ್ಮ ದೇಶದ್ದೇ ಅಲ್ಲ. ಬರಕೊಳ್ಳಿ, ರುಜು ಹಾಕ್ತೀನಿ."

ಕೆಂಚೇಗೌಡರ ಮುಖದಲ್ಲಿ ಸಂತೋಷ ಕಾಣಲಿಲ್ಲ. ಯಾರೋ ಕೆನ್ನೆಗೆ ಹೊಡೆದ ಹಾಗಿತ್ತು. "ಟೀಚರಮ್ಮ, ಆ ಮೇಷ್ಟ್ರಿಗೆ ಯೋಳಿ. ಮನ್ಸಲ್ಲಿ ಒಂದು ಮಡಿಕ್ಕಂಡು ಬಾಯಲ್ಲಿ ಒಂದು ಯೋಳದು ಬ್ಯಾಡ. ನಂಗೆ ಅವರ ಬಿಕ್ಸೆ ಬ್ಯಾಡ."

ಸಾಹೇಬರಿಗೆ ತಲೆ ಕೆಟ್ಟಿತು. "ಅಂದರೆ ಏನಯ್ಯ, ಕಡವೆನಾ ಹಾಗಾದರೆ?"

"ಅಲ್ಲ," ಅಂದರು ಇಬ್ಬರೂ ಒಟ್ಟಿಗೆ.

ಅಲ್ಲಿಗೆ ಮುಗಿಯಬೇಕಿತ್ತು. ಸಾಹೇಬರು ಬರೆದೂ ಆಗಿತ್ತು, ಪೆನ್ನಿನ ಮುಚ್ಚಳ ಹುಡುಕುತ್ತಿದ್ದರು. ಪಾಠ ಅರ್ಧಕ್ಕೆ ನಿಲ್ಲಿಸಿದರೆ ನನಗೆ ನಾಲಿಗೆ ತುರಿಸುತ್ತದೆ. "ಸಾರ್, ಇನ್ನೂ ಒಂದು ಗುರುತಿದೆ," ಅಂತ ಸ್ಟೂಲು ಹತ್ತಿದೆ. "ನೋಡಿ, ಈ ಗಂಗೆದೊಗಲು. ಕಡವೆಗೆ ಇದು ಇರೋದೇ ಇಲ್ಲ." ಹೇಳುತ್ತಾ ಅದನ್ನು ಕೈಯಲ್ಲಿ ಎತ್ತಿ ಹಿಡಿದೆ. ಅದು ನಾನೇ ತಂದುಕೊಟ್ಟ ಚರ್ಮ ಅನ್ನುವುದು ಆ ಗಳಿಗೆ ನೆನಪಿಗೇ ಬರಲಿಲ್ಲ.

ಸಾಹೇಬರು ಎದ್ದು ಬಂದು ತಾವೂ ಮುಟ್ಟಿದರು. ಬೆರಳಿಗೆ ಕಪ್ಪು ಹತ್ತಿತು. ಮೂಸಿ ನೋಡಿದರು. ಹೂಜಿಯ ನೀರಿನಲ್ಲಿ ಕರ್ಚೀಫು ಅದ್ದಿ ತಿಕ್ಕಿದರು. ಪಾಲಿಷ್ ಎದ್ದುಬಂದ ಕಡೆಯೆಲ್ಲ ಒಂದೊಂದೇ ಬಿಳಿ ಚುಕ್ಕಿ ಕಾಣಿಸಿಕೊಂಡಿತು.

"ಇದು ಜಿಂಕೆ," ಅಂದರು. "ಬಣ್ಣ ಬಳಿದು ಮುಚ್ಚಿದ್ದೀಯ." ಆಮೇಲೆ ಆ ಏಳನೇ ಪ್ರಶ್ನೆ ಕೇಳಿದರು. "ಈ ಚರ್ಮ ಯಾರು ಕೊಟ್ಟರು?"

ಯಾವ ಪ್ರಶ್ನೆಗೂ ಅದು ಮುಗಿಯುವ ಮೊದಲೇ ಉತ್ತರ ಇಟ್ಟುಕೊಂಡಿದ್ದ ಕೆಂಚೇಗೌಡರು ನಾಲೆಯ ನೀರು ನೋಡುತ್ತಾ ನಿಂತರು. ನನ್ನ ಕಡೆ ನೋಡಲಿಲ್ಲ. ನನ್ನನ್ನು ನೋಡಿದವರು ಮೇಷ್ಟ್ರು, ಕನ್ನಡಕದ ಮೇಲಿಂದ, ಪೇಪರಿನ ಕಟ್ಟು ಕೊಟ್ಟ ದಿನ ನೋಡಿದ ಹಾಗೇ. ನಾನಿನ್ನೂ ಸ್ಟೂಲಿನ ಮೇಲಿದ್ದೆ. ನನ್ನ ಕೆಲಸ ಇನ್ನೂ ಖಾಯಂ ಆಗಿರಲಿಲ್ಲ. ಅದನ್ನು ನೆಪ ಅಂತ ಹೇಳುತ್ತಿಲ್ಲ, ಆವತ್ತು ನನ್ನ ಬಾಯಿ ಕಟ್ಟಿದ್ದು ಅದೇ ಅಂತ ಹೇಳುತ್ತಿದ್ದೇನೆ.

"ಗೊತ್ತಿಲ್ಲ," ಅಂದರು ಕೆಂಚೇಗೌಡರು.

"ಹಾಗಾದರೆ ನಿನ್ನದೇ ಅಂತ ಬರೀತೀನಿ."

"ಬರ್ಕಳಿ."

ಸಾಹೇಬರು ಬ್ಲೇಡಿನಲ್ಲಿ ಹೊಲಿಗೆ ಬಿಚ್ಚಿ ಚರ್ಮ ತೆಗೆದುಕೊಂಡರು. ತಲೆಯನ್ನು ಗೋಡೆಯಲ್ಲೇ ಬಿಟ್ಟರು. ಹತ್ತು ದಿನದಲ್ಲಿ ಕೆಂಚೇಗೌಡರು ಸಸ್ಪೆಂಡಾದರು. ಬೀಗದ ಕೈ ಬೇರೆಯವರಿಗೆ ಹೋಯಿತು. ಮೇಷ್ಟ್ರು ಬಂಗಲೆಗೆ ಪೇಪರು ಓದಲು ಹೋಗುವುದನ್ನು ಬಿಟ್ಟರು.

ಒಂದು ಭಾನುವಾರ ನಾನು ಕೆಂಚೇಗೌಡರ ಮನೆಗೆ ಹೋದೆ. ಅಂಗಳದಲ್ಲಿ ಕೂತು ಎಮ್ಮೆಗೆ ಕಬ್ಬಿನ ಸೋಗೆ ಕತ್ತರಿಸುತ್ತಿದ್ದರು. ತಲೆ ಎತ್ತಲಿಲ್ಲ.

"ಯಾಕ್ ಬಂದ್ರಿ? ತ್ಯಾಪೆ ಹಾಕಾಕಾ?"

"ನಾನು ಅವತ್ತೇ ಹೇಳಬೇಕಿತ್ತು ಗೌಡ್ರೇ."

"ಸುಮ್ಕಿರಬೇಕಾದ ಕಡೆ ಮೂರ್ ಮೊಳ ಬಾಯ್ ಬುಟ್ರಿ, ಬುಡಬೇಕಾದ ಕಡೆ ಮುಚ್ಕಂಡ್ರಿ. ನಾನು ಹೊಲ್ಗೆ ಹಾಕ್ಬೇಕಾಗಿದ್ದಿದ್ದು ಅದರ ಕತ್ತಿಗಲ್ಲ."

ಅವರ ಹೆಂಡತಿ ನೀರಿನ ಚೊಂಬು ತಂದಿಟ್ಟು, "ಮನೆಗ್ ಬಂದೋರ್ಗೆ ಇಂಗಾ ಮಾತಾಡದು," ಅಂದರು. ಗೌಡರು ಸೋಗೆ ಕತ್ತರಿಸುತ್ತಲೇ ಇದ್ದರು.

"ನೀವ್ಯಾಕೆ ನನ್ನ ಹೆಸರು ಹೇಳಲಿಲ್ಲ?" ಅಂತ ಕೇಳಿದೆ.

"ಹೆಂಗಸಿನ ಹೆಸ್ರು ಯೋಳಿ ಕೆಲ್ಸ ಉಳಿಸ್ಕಂಡ ಅಂತ ಆ ಮೇಷ್ಟ್ರ ಬಾಯಲ್ಲಿ ಅನ್ನಿಸ್ಕಳಾಕಾ? ನೀರು ಕುಡುದ್ರೆ ಎದ್ದೋಗಿ."

ಆ ಸಾಯಂಕಾಲವೇ ಕಾಗದ ಬರೆದೆ. ಚರ್ಮ ಕೊಟ್ಟವಳು ನಾನು, ಬೇಕು ಅಂದವಳೂ ನಾನು, ಮೇಟಿಗೆ ಅದು ಯಾವುದರ ಚರ್ಮ ಅಂತ ಗೊತ್ತಿದ್ದರೂ ತಪ್ಪು ಅಂತ ಗೊತ್ತಿರಲಿಲ್ಲ, ನನಗೆ ಎರಡೂ ಗೊತ್ತಿತ್ತು. ಅಜ್ಜಿ ಅಷ್ಟರಲ್ಲಿ ತೀರಿಕೊಂಡಿದ್ದರು, ಅವರಿಗೆ ತೊಂದರೆಯಾಗುವ ಹಾಗಿರಲಿಲ್ಲ. ಕಳಿಸುವ ಮುಂಚೆ ಮೇಷ್ಟ್ರಿಗೆ ತೋರಿಸಿದೆ. ಅವರು ಕೆಂಪು ಶಾಯಿಯಲ್ಲಿ ಎರಡು ಕಾಗುಣಿತ ತಿದ್ದಿ, "ತಡವಾಯಿತು. ಕಳಿಸಿ," ಅಂದರು.

ನನಗೆ ನೋಟೀಸು ಬಂತು, ಸಮಜಾಯಿಷಿ ಕೇಳಿದರು, ಛೀಮಾರಿ ಹಾಕಿದರು, ಖಾಯಂ ಆಗುವುದು ಹಿಂದಕ್ಕೆ ಹೋಯಿತು, ನಾಗಮಂಗಲ ತಾಲ್ಲೂಕಿನ ಒಂದು ಹಳ್ಳಿಗೆ ವರ್ಗ ಮಾಡಿದರು. ಕೆಂಚೇಗೌಡರಿಗೆ ಬೀಗದ ಕೈ ವಾಪಸ್ ಸಿಕ್ಕಿತು, ರಿಟೈರಾಗಲು ಆರು ವಾರ ಇದ್ದಾಗ. ಸಿಕ್ಕ ದಿನವೇ ದಬ್ಬಳ ಹುಡುಕಿದರಂತೆ.

ನಾನು ಹೊರಟ ದಿನ ಪಾಂಡವಪುರದ ಬಸ್ ಸ್ಟ್ಯಾಂಡಿನಲ್ಲಿ, ಸಿಮೆಂಟು ಕಟ್ಟೆಯ ಆ ತುದಿಯಲ್ಲಿ ಅವರು ಕೂತಿದ್ದರು. ಬೆನ್ನು ನನ್ನ ಕಡೆಗೆ. ಎಲ್ಲಿಗೆ ಹೊರಟಿದ್ದಾರೋ ಅಂದುಕೊಂಡೆ. ನಾಗಮಂಗಲದ ಬಸ್ಸು ಬಂದು ನಿಂತಾಗ ಎದ್ದು ಬಂದು, ಕೇಳದೆ ನನ್ನ ಟ್ರಂಕನ್ನು ಹೆಗಲಿಗೆ ಎತ್ತಿ, ಏಣಿ ಹತ್ತಿ ಬಸ್ಸಿನ ಮೇಲೆ ಇಟ್ಟು ಇಳಿದರು. ಕೈಯ ಧೂಳು ಕೊಡವಿಕೊಳ್ಳುತ್ತಾ, "ಅಲ್ಲಾದ್ರೂ ಪಾಠನ ಸ್ಕೂಲೊಳ್ಗೇ ಮಾಡಿ," ಅಂದರು. ಬಸ್ಸು ಹೊರಡುವುದನ್ನು ಕಾಯದೆ ಹೋದರು. ಅವರು ಯಾವ ಬಸ್ಸಿಗೂ ಬಂದವರಲ್ಲ.

ಅದೇ ಅವರನ್ನು ಕೊನೆಗೆ ನೋಡಿದ್ದು. ಮೂರು ವರ್ಷದ ಮೇಲೆ ತೀರಿಕೊಂಡರು ಅಂತ ಮೇಷ್ಟ್ರ ಕಾರ್ಡು ಬಂತು. ಕಾರ್ಡಿನಲ್ಲಿ ಎರಡೇ ಸಾಲು, ಒಂದೂ ಕಾಗುಣಿತದ ತಪ್ಪಿಲ್ಲ.

ಆ ವರ್ಷ ನಮ್ಮ ಸ್ಕೂಲಿನ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಪ್ರವಾಸ ಕರೆತಂದಿದ್ದೆ. ವಾಪಸ್ ಬರುವಾಗ ತೊಣ್ಣೂರು ಕೆರೆ ತೋರಿಸುವ ನೆಪದಲ್ಲಿ ಬಸ್ಸನ್ನು ನಾಲೆ ಏರಿಯ ಕಡೆ ತಿರುಗಿಸಿದೆ. ಇಳಿದ ಮೇಲೆ ಮಕ್ಕಳಿಗೆ ಕೈ ಹಿಂದಕ್ಕೆ ಕಟ್ಟಿಕೊಳ್ಳಿ ಅಂದೆ.

ಜಗಲಿಯಲ್ಲಿ, ಕೆಂಚೇಗೌಡರ ಸ್ಟೂಲಿನ ಮೇಲೆ ಮೇಷ್ಟ್ರು ಪೇಪರು ಹಿಡಿದು ಕೂತಿದ್ದರು. ಹೊಸ ಮೇಟಿ ಒಳಗೆಲ್ಲೋ ಇದ್ದ. ಮಕ್ಕಳು ಬಾಯಿ ತೆಗೆದು ಗೋಡೆ ನೋಡುತ್ತಿದ್ದ ಹಾಗೆ ಮೇಷ್ಟ್ರು ಪೇಪರು ಇಳಿಸದೆ ಶುರು ಮಾಡಿದರು. ಜೀವಮಾನವಿಡೀ ಪುಸ್ತಕದ ಕನ್ನಡ ಬಿಟ್ಟು ಬೇರೆ ಆಡದ ಬಾಯಿ ಅದು.

"ಒಂದು, ಕಡವೆ ಅಲ್ಲ. ಎರಡು, ನಮ್ ಕಾಡಿಂದಲ್ಲ, ಸೀಮೇದು. ಮೂರು, ದಿಟವಾದ್ದೇ, ಮುಟ್‌ಬ್ಯಾಡಿ. ನಾಕು, ಕೊಂಬು ಅಂಗಿರೋದು ಅದ್ರ ಇಷ್ಟ. ಐದು, ಸೊಪ್ಪು ತಿಂತದೆ. ಆರು, ಹೊಡೆದೋನು ನಾನಲ್ಲ."

ಕೊಂಬಿಗೆ ಹೊಸದಾಗಿ ಹರಳೆಣ್ಣೆ ಬಿದ್ದಿತ್ತು. ಒಬ್ಬ ಹುಡುಗಿ ಮುಂದೆ ಬಂದು, ಕೈ ಹಿಂದೆ ಕಟ್ಟಿಕೊಂಡೇ ಕತ್ತೆತ್ತಿ ನೋಡಿ ಕೇಳಿದಳು. "ತಾತ, ಇದರ ಕತ್ತಿಗೆ ಗೋಣಿಚೀಲ ಯಾಕೆ ಹೊಲಿದವ್ರೆ?"

ಮೇಷ್ಟ್ರು ಪೇಪರು ಇಳಿಸಿದರು. "ಅದು ನಂಗೆ ಗೊತ್ತಿಲ್ಲ ಕಣಮ್ಮ," ಅಂದರು. "ನಿಮ್ಮ ಟೀಚರನ್ನ ಕೇಳು."

ನಾನು ಮಕ್ಕಳನ್ನೆಲ್ಲ ಜಗಲಿಯ ಮೇಲೆ ಕೂರಿಸಿ, ಮೊದಲಿಂದ ಹೇಳಿದೆ.